ಬಿಸಿಲು, ಮಂಜು, ಮಳೆ ಎಲ್ಲವೂ ಒಂದೇ ದಿನದಲ್ಲಿ: ಕ್ಯಾಂಪರ್‌ವ್ಯಾನ್ ಜೊತೆಗಿರುವಾಗ ಚಾರಣದ ದಿನವನ್ನು ಹೇಗೆ ಯೋಜಿಸಬೇಕು?

ಪ್ರಶ್ನೆ: ಏಣಿನಹಾದಿ

ಎಲ್ಲರಿಗೂ ನಮಸ್ಕಾರ.

ನಾನು ಮತ್ತು ನನ್ನ ಅಕ್ಕ ಎರಡು ವರ್ಷಗಳಿಂದ ಒಂದು ಚಿಕ್ಕ ಕ್ಯಾಂಪರ್‌ವ್ಯಾನ್‌ನಲ್ಲಿ ಬೆಟ್ಟಗಳನ್ನು ಸುತ್ತುತ್ತಿದ್ದೇವೆ. ರಾತ್ರಿ ಬೆಟ್ಟದ ಬುಡದಲ್ಲಿ ವ್ಯಾನ್ ನಿಲ್ಲಿಸಿ ಮಲಗುವುದು, ಬೆಳಿಗ್ಗೆ ಹತ್ತಿ ಸಂಜೆಗೆ ಇಳಿಯುವುದು, ಇಳಿದ ಕೂಡಲೇ ಮುಂದಿನ ಜಾಗಕ್ಕೆ ಗಾಡಿ ಓಡಿಸುವುದು ನಮ್ಮ ರೂಢಿ. ಕಳೆದ ಸಲದ ಪ್ರವಾಸದ ನಂತರ ಈ ರೂಢಿಯೇ ತಪ್ಪೇನೋ ಎಂಬ ಅನುಮಾನ ನನ್ನಲ್ಲಿ ಹುಟ್ಟಿದೆ. ಅನುಭವಿಗಳ ಸಲಹೆ ಬೇಕಾಗಿರುವುದರಿಂದ ನಡೆದುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಂದಿನ ದಾರಿ ಹೋಗಿ ಬರಲು ಒಟ್ಟು 16 ಕಿಲೋಮೀಟರ್, ಏರು ಸುಮಾರು 900 ಮೀಟರ್. ಹವಾಮಾನ ಮುನ್ಸೂಚನೆಯಲ್ಲಿ ಭಾಗಶಃ ಮೋಡ ಮತ್ತು ಮಧ್ಯಾಹ್ನದ ನಂತರ ಅಲ್ಲಲ್ಲಿ ಮಳೆ ಎಂದಿತ್ತು. ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ತಿಳಿಯಾಗಿದ್ದುದರಿಂದ ನಾವು ಅವಸರ ಮಾಡದೆ ಒಂಬತ್ತೂವರೆಗೆ ಹೊರಟೆವು. ಹನ್ನೊಂದೂವರೆಯ ಹೊತ್ತಿಗೆ ಮೇಲಿನ ಏಣಿಗೆ (ಏಣು ಎಂದರೆ ಬೆಟ್ಟದ ಕಿರಿದಾದ ನೆತ್ತಿಸಾಲು) ಮೋಡ ಅಂಟಿಕೊಂಡಿತು. ಒಂದು ಗಂಟೆಗೆ ನಾವೇ ಮೋಡದೊಳಗಿದ್ದೆವು. ಇಷ್ಟು ದೂರ ಬಂದಾಗಿದೆ, ಇನ್ನು ಅರ್ಧ ಗಂಟೆ ನಡೆದರೆ ತುದಿ ಸಿಗುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾ ಎರಡೂವರೆಗೆ ತುದಿ ತಲುಪಿದೆವು. ಅಲ್ಲಿ ಕಂಡದ್ದು ಒಂದು ಕಲ್ಲಿನ ಗುಪ್ಪೆ ಮತ್ತು ಸುತ್ತಲೂ ಬಿಳಿ ಗೋಡೆ ಮಾತ್ರ. ಇಳಿಯುವಾಗ ಮೊದಲು ಆಲಿಕಲ್ಲು, ಆಮೇಲೆ ಬಿಡದ ಮಳೆ. ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದ್ದ ತೊರೆಯಲ್ಲಿ ಸಂಜೆ ಮೊಣಕಾಲುದ್ದ ನೀರು ಹರಿಯುತ್ತಿತ್ತು.

ಆರು ಗಂಟೆಗೆ ವ್ಯಾನ್ ಬಳಿ ಬಂದಾಗ ಅಕ್ಕನ ಬೆರಳುಗಳಿಗೆ ಬಾಗಿಲಿನ ಕೀಲಿ ತಿರುಗಿಸುವಷ್ಟು ಬಲವೂ ಉಳಿದಿರಲಿಲ್ಲ. ಎರಡೂ ಕೈಗಳಲ್ಲಿ ಕೀಲಿಯನ್ನು ಒತ್ತಿ ಹಿಡಿದು, ಇಡೀ ಮೈಯನ್ನೇ ತಿರುಗಿಸಿ ಬಾಗಿಲು ತೆರೆದಳು. ಇಷ್ಟಾದ ಮೇಲೂ ನಾವು ಅಲ್ಲಿ ನಿಲ್ಲಲಿಲ್ಲ. ಮುಂದಿನ ಜಾಗ ತಲುಪಬೇಕೆಂಬ ಹಟದಲ್ಲಿ ಒದ್ದೆ ಬಟ್ಟೆಯಲ್ಲೇ ನಾನು 25 ಕಿಲೋಮೀಟರ್ ಘಾಟಿ ಇಳಿಸಿದೆ. ಗಾಜಿನ ಒಳಗೆಲ್ಲಾ ಆವಿ ಕಟ್ಟಿತ್ತು, ಬ್ರೇಕ್ ಮೇಲಿದ್ದ ಕಾಲು ನಡುಗುತ್ತಿತ್ತು, ಅರ್ಧ ದಾರಿಯಲ್ಲಿ ಚಕ್ರಗಳ ಕಡೆಯಿಂದ ಸುಟ್ಟ ವಾಸನೆ ಬಂತು. ಬೆಟ್ಟದ ಮೇಲೆ ಇದ್ದಾಗ ಆಗದ ಭಯ ನನಗೆ ಆ ತಿರುವುಗಳಲ್ಲಿ ಆಯಿತು.

ಮುಂದಿನ ತಿಂಗಳು ಮತ್ತೆ ಹೊರಡಲಿದ್ದೇವೆ. ಇಂಥ ಚಂಚಲ ಹವೆಯಲ್ಲಿ ಮುನ್ಸೂಚನೆಯನ್ನು ಎಷ್ಟರ ಮಟ್ಟಿಗೆ ನೆಚ್ಚಬಹುದು? ಹಿಂದಿರುಗುವ ನಿರ್ಧಾರವನ್ನು ಯಾವಾಗ ಮಾಡಬೇಕು? ವ್ಯಾನ್ ನಿಲ್ಲಿಸುವ ಜಾಗವನ್ನು ಹೇಗೆ ಆರಿಸಬೇಕು? ಇನ್ನೊಂದು ಚಿಕ್ಕ ವಿಷಯ: ಅಂದು ಬೆಳಿಗ್ಗೆ ಒಲೆಯ ಗ್ಯಾಸ್ ಉರಿ ತೀರಾ ಸಣ್ಣಗಾಗಿತ್ತು, ಸಿಲಿಂಡರ್‌ನಲ್ಲಿ ಗ್ಯಾಸ್ ಅರ್ಧಕ್ಕಿಂತ ಹೆಚ್ಚಿದ್ದರೂ ಹೀಗೇಕಾಯಿತು ಎಂಬುದು ತಿಳಿಯಲಿಲ್ಲ.

ಉತ್ತರ 1: ಮೋಡದನೆರಳು

ನಮಸ್ಕಾರ. ನೀವು ಇಷ್ಟು ಪ್ರಾಮಾಣಿಕವಾಗಿ ಬರೆದಿರುವುದರಿಂದ ನಾನೂ ನೇರವಾಗಿ ಹೇಳುತ್ತೇನೆ. ಅಂದು ಮುನ್ಸೂಚನೆ ತಪ್ಪಾಗಿರಲಿಲ್ಲ. ಮಧ್ಯಾಹ್ನದ ನಂತರ ಮಳೆ ಎಂದು ಅದು ಹೇಳಿತ್ತು, ಮಧ್ಯಾಹ್ನದ ನಂತರವೇ ಮಳೆ ಬಂತು. ತಪ್ಪಿದ್ದು ಹೊರಟ ಹೊತ್ತು.

ಬೆಟ್ಟದಲ್ಲಿ ಹವೆ ಏಕೆ ಹೀಗೆ ಬದಲಾಗುತ್ತದೆ ಎಂಬುದು ತಿಳಿದಿದ್ದರೆ ಮುನ್ಸೂಚನೆಯ ಸಾಲುಗಳನ್ನು ಬೇರೆ ರೀತಿಯಲ್ಲಿ ಓದಬಹುದು. ಬೀಸುವ ಗಾಳಿಗೆ ಬೆಟ್ಟ ಅಡ್ಡ ಬಂದಾಗ ಗಾಳಿ ಮೇಲೇರಲೇಬೇಕು. ಮೇಲೇರಿದಂತೆ ಅದು ತಣ್ಣಗಾಗುತ್ತದೆ, ತಣ್ಣಗಾದ ಗಾಳಿಯಲ್ಲಿನ ತೇವ ಹನಿಗಟ್ಟಿ ಮೋಡವಾಗುತ್ತದೆ. ಆದ್ದರಿಂದ ಕಣಿವೆಯಲ್ಲಿ ಬಿಸಿಲು ಇರುವಾಗಲೂ ತುದಿ ಮಾತ್ರ ಮೋಡದಲ್ಲಿ ಮುಚ್ಚಿರುವುದು ಸಾಮಾನ್ಯ. ಜರ್ಮನಿಯ ಬ್ರಾಕನ್ ಬೆಟ್ಟ ಕೇವಲ 1141 ಮೀಟರ್ ಎತ್ತರದ್ದು, ಆದರೆ ವರ್ಷದಲ್ಲಿ ಸುಮಾರು 300 ದಿನ ಅದರ ನೆತ್ತಿ ಒಂದಲ್ಲ ಒಂದು ಹೊತ್ತಿನಲ್ಲಿ ಮಂಜಿನಲ್ಲಿರುತ್ತದೆ. ಅಮೆರಿಕದ ಮೌಂಟ್ ವಾಷಿಂಗ್ಟನ್ 1917 ಮೀಟರ್ ಮಾತ್ರ, ಆದರೆ 1934ರ ಏಪ್ರಿಲ್ 12ರಂದು ಅಲ್ಲಿ ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿಯನ್ನು ಅಳೆದಿದ್ದಾರೆ. ಎತ್ತರ ಕಡಿಮೆಯೆಂದು ಯಾವ ಬೆಟ್ಟವನ್ನೂ ಹಗುರವಾಗಿ ಎಣಿಸಬಾರದು ಎಂದೇ ಈ ಎರಡು ಹೆಸರುಗಳನ್ನು ಹೇಳಿದೆ.

ಇನ್ನು ಲೆಕ್ಕಕ್ಕೆ ಬರೋಣ. ಪ್ರತಿ 1000 ಮೀಟರ್ ಏರಿಗೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ನಿಮ್ಮ 900 ಮೀಟರ್ ಏರಿಗೆ ಸುಮಾರು 6 ಡಿಗ್ರಿ. ವ್ಯಾನ್ ಬಳಿ 11 ಡಿಗ್ರಿ ಇದ್ದರೆ ತುದಿಯಲ್ಲಿ 5 ಡಿಗ್ರಿ. ಅಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸುತ್ತಿದ್ದರೆ ಮೈಗೆ ಅದು ಶೂನ್ಯಕ್ಕಿಂತ ಸ್ವಲ್ಪ ಕೆಳಗಿನ ಚಳಿಯಂತೆ ತಾಗುತ್ತದೆ. ಈ ಲೆಕ್ಕ ಒಣ ಚರ್ಮಕ್ಕೆ ಮಾತ್ರ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುವುದರಿಂದ ಒದ್ದೆ ಬಟ್ಟೆ ತೊಟ್ಟವರ ಸ್ಥಿತಿ ಇದಕ್ಕಿಂತ ಕಷ್ಟ. ನಿಮ್ಮ ಅಕ್ಕನ ಬೆರಳುಗಳು ಕೀಲಿ ತಿರುಗಿಸಲಾರದೆ ಹೋದದ್ದು ದಣಿವಿನಿಂದ ಮಾತ್ರ ಎಂದು ದಯವಿಟ್ಟು ತಿಳಿಯಬೇಡಿ. ಮೈಯ ಶಾಖ ಕುಸಿಯಲು ತೊಡಗಿದಾಗ ಮೊದಲು ಕೈ ತಪ್ಪುತ್ತದೆ, ಆಮೇಲೆ ಹೆಜ್ಜೆ, ಆಮೇಲೆ ಮಾತು ತೊದಲುತ್ತದೆ, ಕೊನೆಗೆ ಯೋಚನೆಯೇ ಮಂಕಾಗುತ್ತದೆ. ಜೊತೆಯವರು ಅಂಗಿಯ ಜಿಪ್ ಎಳೆಯಲು ಎರಡು ಸಲ ಒದ್ದಾಡಿದರೆ ಆ ಕ್ಷಣವೇ ಗಾಳಿಯ ಮರೆಗೆ ಹೋಗಿ, ಒಣ ಬಟ್ಟೆ ಹಾಕಿಸಿ, ಸಿಹಿಯಾದುದೇನಾದರೂ ತಿನ್ನಿಸಿ, ಕೆಳಮುಖವಾಗಿ ನಡೆಯಲು ತೊಡಗಬೇಕು.

ಹೊತ್ತಿನ ಬಗ್ಗೆ ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಈ ಸೂತ್ರವನ್ನು ಇಂದಿನ ಅಳತೆಯಲ್ಲಿ ಹೇಳುವುದಾದರೆ ಪ್ರತಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ದಾರಿಗೆ ಇದು 4 ಗಂಟೆ 40 ನಿಮಿಷಗಳಷ್ಟಾಗುತ್ತದೆ. ಆದರೆ ಇದು ಗಟ್ಟಿಮುಟ್ಟಾದವರು ಎಲ್ಲಿಯೂ ನಿಲ್ಲದೆ ಒಳ್ಳೆಯ ಹವೆಯಲ್ಲಿ ನಡೆಯುವ ಹೊತ್ತು. ನಾನು ಇದಕ್ಕೆ ಅರ್ಧದಷ್ಟನ್ನು ಕೂಡಿಸಿ ಏಳು ಗಂಟೆ ಎಂದು ಇಟ್ಟುಕೊಳ್ಳುತ್ತೇನೆ. ನಿಮಗೆ ಎಂಟೂವರೆ ಗಂಟೆ ಹಿಡಿದಿದೆ, ಮಂಜು ಮತ್ತು ಮಳೆಯಲ್ಲಿ ಅದು ಸಹಜ. ಮಧ್ಯಾಹ್ನ ಒಂದಕ್ಕೆ ಹವೆ ಕೆಡುತ್ತದೆಂದು ಮುನ್ಸೂಚನೆ ಹೇಳಿದ ದಿನ ಆ ಹೊತ್ತಿಗೆ ನೀವು ತೊರೆಯನ್ನು ದಾಟಿ ಈಚೆ ಬಂದಿರಬೇಕಾದರೆ ಬೆಳಿಗ್ಗೆ ಆರಕ್ಕೇ ಹೊರಡಬೇಕಿತ್ತು. ಬುಡದಲ್ಲೇ ಮಲಗಿದ್ದ ನಿಮಗೆ ಅದು ಸಾಧ್ಯವೂ ಇತ್ತು. ವ್ಯಾನ್ ಇರುವವರಿಗೆ ದೊರೆಯುವ ದೊಡ್ಡ ಅನುಕೂಲವೆಂದರೆ ನಸುಕಿನಲ್ಲಿ ಬಾಗಿಲು ತೆರೆದರೆ ದಾರಿಯ ಮೊದಲ ಹೆಜ್ಜೆಯೇ ಎದುರಿಗಿರುತ್ತದೆ ಎಂಬುದು. ಅದನ್ನು ಬಿಟ್ಟುಕೊಡುವುದು ನಷ್ಟ.

ಹಿಂದಿರುಗುವ ನಿರ್ಧಾರವನ್ನು ನಾನು ಬೆಟ್ಟದ ಮೇಲೆ ಮಾಡುವುದೇ ಇಲ್ಲ, ಹಿಂದಿನ ರಾತ್ರಿ ವ್ಯಾನ್‌ನಲ್ಲಿ ನಕ್ಷೆ ಹರಡಿಕೊಂಡು ಮಾಡಿಬಿಡುತ್ತೇನೆ. ಎರಡು ಷರತ್ತುಗಳನ್ನು ಬರೆದಿಡುತ್ತೇನೆ: ಇಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುವುದು ಒಂದು, ಏಣಿನ ಬುಡದಲ್ಲಿ ನಿಂತಾಗ ಏಣು ಪೂರ್ತಿ ಕಾಣದಿದ್ದರೆ ಮೇಲೆ ಹೋಗದಿರುವುದು ಇನ್ನೊಂದು. ಮೇಲೆ ನಿಂತಾಗ ಮನಸ್ಸು ತುದಿಯ ಪರವಾಗಿಯೇ ವಾದಿಸುತ್ತದೆ. ಇನ್ನು ಅರ್ಧ ಗಂಟೆ ಎಂಬ ಮಾತನ್ನು ನೀವಿಬ್ಬರೂ ಆಡಿದ್ದೀರಿ, ನಾನೂ ಎಷ್ಟೋ ಸಲ ಆಡಿದ್ದೇನೆ. ಆ ಹೊತ್ತಿನಲ್ಲಿ ವಾದ ಮಾಡಬೇಕಾದ ಅಗತ್ಯವೇ ಬರದಂತೆ ನೋಡಿಕೊಳ್ಳುವುದು ಉತ್ತಮ.

ಕೊನೆಯದಾಗಿ, ನಿಮ್ಮ ಬಳಿ ವಾಯುಭಾರದಿಂದ ಎತ್ತರ ತೋರಿಸುವ ಕೈಗಡಿಯಾರ ಇದ್ದರೆ ವ್ಯಾನ್‌ನಲ್ಲಿ ಮಲಗುವ ಮುನ್ನ ಅದರ ಅಂಕಿಯನ್ನು ಬರೆದಿಡಿ. ಒಂದು ರಾತ್ರಿ ನನ್ನ ಗಡಿಯಾರ 1240 ಮೀಟರ್ ತೋರಿಸುತ್ತಿತ್ತು, ಬೆಳಿಗ್ಗೆ ನೋಡಿದರೆ 1276. ವ್ಯಾನ್ ಅಂಗುಲವೂ ಕದಲಿರಲಿಲ್ಲ, ಇಳಿದದ್ದು ವಾಯುಭಾರ. ಆ ಎತ್ತರದಲ್ಲಿ 9 ಮೀಟರ್ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ ಒಂದು ಹೆಕ್ಟೊಪ್ಯಾಸ್ಕಲ್ (ವಾಯುಭಾರದ ಅಳತೆ) ಎಂದು ಹಿಡಿದರೆ ರಾತ್ರೋರಾತ್ರಿ 4 ಹೆಕ್ಟೊಪ್ಯಾಸ್ಕಲ್ ಕುಸಿದಿತ್ತು, ಅದು ಹವೆ ಕೆಡುವ ಸೂಚನೆ. ಹೊರಗೆ ನಕ್ಷತ್ರಗಳು ಇನ್ನೂ ಮಿನುಗುತ್ತಿದ್ದವು. ನಾನು ತುದಿಯ ಯೋಚನೆ ಬಿಟ್ಟು ಕಣಿವೆಯ ಕಾಡುದಾರಿಯಲ್ಲಿ ನಡೆದೆ. ಹತ್ತು ಗಂಟೆಗೆ ಗಾಳಿ ಎದ್ದಾಗ ಮರಗಳ ತಲೆಗಳು ಒಂದೇ ಕಡೆಗೆ ಬಾಗಿದ್ದನ್ನು ಕೆಳಗಿನಿಂದ ನೋಡಿದೆ. ಹತ್ತಿಪ್ಪತ್ತು ಮೀಟರ್ ಏರಿಳಿತ ದಿನನಿತ್ಯದ್ದು, ಅದಕ್ಕೆ ಹೆದರಬೇಕಾಗಿಲ್ಲ.

ಉತ್ತರ 2: ನಾಲ್ಕುಚಕ್ರಎರಡುಕಾಲು

ಮೇಲಿನವರು ಬೆಟ್ಟದ ಬಗ್ಗೆ ಹೇಳಬೇಕಾದುದನ್ನು ಹೇಳಿದ್ದಾರೆ. ನಾನು ವ್ಯಾನ್ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಿಮ್ಮ ಬರಹದಲ್ಲಿ ನನ್ನನ್ನು ಕಲಕಿದ್ದು ಆ 25 ಕಿಲೋಮೀಟರ್ ಘಾಟಿ.

ಚಾರಣಿಗರಲ್ಲಿ ಬಹಳ ಮಂದಿ ವ್ಯಾನ್ ಕಂಡ ಕೂಡಲೇ ದಿನ ಮುಗಿಯಿತೆಂದು ತಿಳಿಯುತ್ತಾರೆ. ವ್ಯಾನ್ ಮುಂದಿನ ಸಲ ನಿಂತು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿದಾಗಷ್ಟೇ ದಿನ ಮುಗಿಯುತ್ತದೆ. ಆದ್ದರಿಂದ ದಿನದ ಲೆಕ್ಕವನ್ನು ಅಲ್ಲಿಂದ ಹಿಂದಕ್ಕೆ ಹಾಕಬೇಕು. ರಾತ್ರಿ ಎಲ್ಲಿ ನಿಲ್ಲುತ್ತೇವೆ, ಅಲ್ಲಿಗೆ ಬೆಳಕಿರುವಾಗಲೇ ತಲುಪಲು ಎಷ್ಟು ಗಂಟೆಗೆ ಸ್ಟೇರಿಂಗ್ ಹಿಡಿಯಬೇಕು, ಅದಕ್ಕೂ ಮುನ್ನ ಬಟ್ಟೆ ಬದಲಿಸಿ, ಬಿಸಿಯಾಗಿ ಏನಾದರೂ ಕುಡಿದು ಸುಧಾರಿಸಿಕೊಳ್ಳಲು ಒಂದು ಗಂಟೆಯಾದರೂ ಬೇಡವೇ, ಹಾಗಾದರೆ ಬೆಟ್ಟದಿಂದ ಇಳಿದು ಮುಗಿಸಬೇಕಾದ ಹೊತ್ತು ಯಾವುದು, ಅದಕ್ಕಾಗಿ ತುದಿಯಿಂದ ತಿರುಗಬೇಕಾದ ಹೊತ್ತು ಯಾವುದು. ಹೀಗೆ ಹಿಂದಿನಿಂದ ಎಣಿಸುತ್ತಾ ಬಂದರೆ ನಿಮ್ಮ ಎರಡೂವರೆ ಗಂಟೆಯ ತುದಿ ಎಷ್ಟು ತಡವಾದುದೆಂದು ತಾನಾಗಿ ತಿಳಿಯುತ್ತದೆ. ನನ್ನ ಮಟ್ಟಿಗೆ ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದೇನೆ: ಏಳು ಗಂಟೆಗಿಂತ ಹೆಚ್ಚು ನಡೆದ ದಿನ ವ್ಯಾನ್ ಓಡಿಸುವುದಿಲ್ಲ. ಹಿಂದಿನ ರಾತ್ರಿ ಮಲಗಿದ್ದ ಜಾಗದಲ್ಲೇ ಇನ್ನೊಂದು ರಾತ್ರಿ ಕಳೆಯಲು ಮೊದಲೇ ಅನುಮತಿ ಪಡೆದಿರುತ್ತೇನೆ.

ಸುಟ್ಟ ವಾಸನೆಯನ್ನು ಹಗುರವಾಗಿ ಬಿಡಬೇಡಿ. ಹಾಸಿಗೆ, ನೀರು, ಗ್ಯಾಸ್, ಬ್ಯಾಟರಿ ಎಲ್ಲವನ್ನೂ ಹೊತ್ತ ವ್ಯಾನ್ ಸಾಧಾರಣ ಕಾರಿಗಿಂತ ಬಹಳ ಭಾರ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಹಿಡಿದೇ ಇಳಿದರೆ ಪ್ಯಾಡ್‌ಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಬ್ರೇಕ್ ದ್ರವ ವರ್ಷಗಳು ಕಳೆದಂತೆ ತೇವ ಹೀರಿಕೊಂಡು ಬೇಗ ಕುದಿಯುವಂತಾಗುವುದರಿಂದ ಹಳೆಯ ದ್ರವವಿದ್ದರೆ ಪೆಡಲ್ ನೆಲಕ್ಕೆ ಇಳಿದರೂ ಗಾಡಿ ನಿಲ್ಲದ ಪರಿಸ್ಥಿತಿ ಬರಬಹುದು. ಇಳಿಜಾರು ಶುರುವಾಗುವ ಮುನ್ನವೇ ಎರಡನೆಯ ಅಥವಾ ಮೂರನೆಯ ಗೇರ್‌ಗೆ ಹಾಕಿ, ಎಂಜಿನ್ ಗಾಡಿಯನ್ನು ತಡೆಯುವಂತೆ ಮಾಡಿ, ಬ್ರೇಕನ್ನು ಒಮ್ಮೆ ದೃಢವಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಬೇಕು. ನ್ಯೂಟ್ರಲ್‌ನಲ್ಲಿ ಇಳಿಸುವ ಮಾತೇ ಬೇಡ. ವಾಸನೆ ಬಂದರೆ ವಿಶಾಲವಾದ ಜಾಗದಲ್ಲಿ ನಿಲ್ಲಿಸಿ, ಗೇರ್‌ನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಆರಲು ಬಿಡಬೇಕು. ಕಾದ ಬ್ರೇಕಿನ ಮೇಲೆ ನೀರು ಸುರಿಯಬಾರದು. ನಿಮ್ಮ ಮುಂದಿನ ಪ್ರವಾಸಕ್ಕೆ ಮೊದಲು ಪ್ಯಾಡ್ ಮತ್ತು ದ್ರವ ಎರಡನ್ನೂ ಮೆಕ್ಯಾನಿಕ್‌ಗೆ ತೋರಿಸಿ.

ಅಡ್ಡಗಾಳಿಯನ್ನೂ ಮರೆಯಬಾರದು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ, ಎತ್ತರದ ಚಪ್ಪಟೆ ಪಕ್ಕೆಯ ವ್ಯಾನ್‌ಗೆ ಅದು ಕಾರಿಗಿಂತ ಜೋರಾಗಿ ತಾಗುತ್ತದೆ. ಗುಡ್ಡದ ಮರೆಯಿಂದ ಬಯಲಿಗೆ ಬರುವ ತಿರುವು, ಸೇತುವೆ, ಎರಡು ಗುಡ್ಡಗಳ ನಡುವಿನ ತಗ್ಗು ಇವೆಲ್ಲ ಗಾಳಿ ಥಟ್ಟನೆ ಹೊಡೆಯುವ ಜಾಗಗಳು. ಅಲ್ಲಿಗೆ ಬರುವ ಮುನ್ನವೇ ವೇಗ ಇಳಿಸಿರಬೇಕು.

ನಿಲ್ಲಿಸುವ ಜಾಗದ ಬಗ್ಗೆ ಕೇಳಿದ್ದೀರಿ. ಕಣಿವೆಯ ತೀರಾ ತಳವನ್ನು ನಾನು ಆರಿಸುವುದಿಲ್ಲ. ತಿಳಿಯಾದ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಭಾರವಾಗಿ ಇಳಿದು ನೀರಿನಂತೆ ತಗ್ಗಿನಲ್ಲಿ ನಿಲ್ಲುತ್ತದೆ. ಇಳಿಜಾರಿನಲ್ಲಿ ಕೆಲವೇ ಹತ್ತು ಮೀಟರ್ ಮೇಲಿದ್ದರೂ ರಾತ್ರಿ ಬೆಚ್ಚಗಿರುವುದುಂಟು. ಒಣಗಿದ ಹಳ್ಳದ ಪಾತ್ರ ಎಷ್ಟೇ ಸಮತಟ್ಟಾಗಿ ಕಂಡರೂ ಅಲ್ಲಿ ನಿಲ್ಲಿಸಬಾರದು, ಮೇಲೆ ಎಲ್ಲೋ ಸುರಿದ ಮಳೆ ಇಲ್ಲಿ ಹನಿಯೂ ಬೀಳದಿರುವಾಗಲೇ ಪ್ರವಾಹವಾಗಿ ಬರಬಲ್ಲದು. ಹುಲ್ಲಿನ ನೆಲ ಸಂಜೆ ಗಟ್ಟಿಯಾಗಿದ್ದು ಬೆಳಿಗ್ಗೆ ಮಳೆಗೆ ಕೆಸರಾಗಿ ಚಕ್ರ ಹೂತುಬಿಡುತ್ತದೆ. ಮೂತಿ ರಸ್ತೆಯ ಕಡೆಗಿರುವಂತೆ ನಿಲ್ಲಿಸಿದರೆ ಕತ್ತಲಲ್ಲಿ, ಮಳೆಯಲ್ಲಿ, ಅವಸರದಲ್ಲಿ ಹೊರಡಬೇಕಾದಾಗ ಹಿಂದಕ್ಕೆ ತೆಗೆಯುವ ಕಷ್ಟವಿರುವುದಿಲ್ಲ. ಛಾವಣಿ ಮೇಲೆತ್ತುವ ಬಗೆಯ ವ್ಯಾನ್ ಆಗಿದ್ದರೆ ಬಿರುಗಾಳಿಯ ರಾತ್ರಿ ಛಾವಣಿ ಇಳಿಸಿಯೇ ಮಲಗಬೇಕು.

ನಿಮ್ಮ ಗ್ಯಾಸಿನ ಉರಿ ಸಣ್ಣಗಾದ ಕಾರಣ ಬಹುಮಟ್ಟಿಗೆ ಚಳಿಯೇ. ಸಿಲಿಂಡರ್‌ನೊಳಗಿನ ದ್ರವ ಆವಿಯಾದರೆ ಮಾತ್ರ ಒಲೆ ಉರಿಯುತ್ತದೆ. ಬ್ಯೂಟೇನ್ ಕುದಿಯುವುದು ಸುಮಾರು ಮೈನಸ್ 0.5 ಡಿಗ್ರಿಯಲ್ಲಿ, ಆದ್ದರಿಂದ ಹೆಪ್ಪುಗಟ್ಟುವ ಚಳಿ ಹತ್ತಿರವಾದಂತೆ ಅದು ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ಎತ್ತರದ ಚಳಿಯ ಜಾಗಗಳಿಗೆ ಪ್ರೊಪೇನ್ ಅಥವಾ ಪ್ರೊಪೇನ್ ಹೆಚ್ಚಿರುವ ಮಿಶ್ರಣವೇ ಸರಿ, ಆದರೆ ಸಿಲಿಂಡರ್ ಮತ್ತು ರೆಗ್ಯುಲೇಟರ್ ಆ ಅನಿಲಕ್ಕಾಗಿಯೇ ಮಾಡಿದವುಗಳಾಗಿರಬೇಕು. ಒಲೆ ಉರಿಯಲಿಲ್ಲವೆಂದು ಸಿಲಿಂಡರನ್ನು ಬಿಸಿನೀರಿನಲ್ಲಿಡುವುದು, ಬೆಂಕಿಗೆ ಹಿಡಿಯುವುದು ಮುಂತಾದ ಪ್ರಯೋಗಗಳನ್ನು ದಯವಿಟ್ಟು ಮಾಡಬೇಡಿ. ವ್ಯಾನ್‌ನಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದರೆ ಅದನ್ನೂ ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು.

ಇಲ್ಲಿ ನಾನು ಒತ್ತಿ ಹೇಳಲೇಬೇಕಾದ ಮಾತೊಂದಿದೆ. ನೆನೆದು ಬಂದವರಿಗೆ ಬಾಗಿಲು, ಕಿಟಕಿ, ಗಾಳಿಕಿಂಡಿ ಎಲ್ಲವನ್ನೂ ಮುಚ್ಚಿ ಒಲೆ ಹಚ್ಚಿ ಬೆಚ್ಚಗಾಗಬೇಕೆಂಬ ಆಸೆ ಸಹಜವಾಗಿ ಆಗುತ್ತದೆ. ಮುಚ್ಚಿದ ವ್ಯಾನ್‌ನಲ್ಲಿ ಉರಿಯುವ ಒಲೆ ಆಮ್ಲಜನಕವನ್ನು ತಿಂದು ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮೊದಲ ಲಕ್ಷಣಗಳಾದ ತಲೆನೋವು ಮತ್ತು ಜೋಂಪು ಬೆಟ್ಟ ಹತ್ತಿ ಬಂದವರ ದಣಿವಿನಂತೆಯೇ ಕಾಣುತ್ತವೆ. ಒಲೆ ಅಡುಗೆಗೆ ಮಾತ್ರ, ಅದೂ ಕಿಟಕಿ ತೆರೆದಿಟ್ಟು. ಬಿಸಿಗೆ ಹೊಗೆ ಹೊರಗೆ ಹೋಗುವಂತೆ ಅಳವಡಿಸಿದ ಹೀಟರ್ ಬೇಕು. ಕಾರ್ಬನ್ ಮೊನಾಕ್ಸೈಡ್ ಪತ್ತೆ ಮಾಡಿ ಕೂಗುವ ಯಂತ್ರ ಅಂಗೈಯಷ್ಟೇ ಇರುತ್ತದೆ, ಅದಿಲ್ಲದೆ ವ್ಯಾನ್‌ನಲ್ಲಿ ಯಾರೂ ಮಲಗಬಾರದು. ಅಡುಗೆ ಅನಿಲ ಗಾಳಿಗಿಂತ ಭಾರವಾಗಿ ನೆಲಮಟ್ಟದಲ್ಲಿ ನಿಲ್ಲುವುದರಿಂದ ನೆಲದಲ್ಲಿರುವ ಕಿಂಡಿಗಳನ್ನು ಚಳಿಗೆ ಹೆದರಿ ಬಟ್ಟೆ ತುರುಕಿ ಮುಚ್ಚುವುದೂ ಅಷ್ಟೇ ಅಪಾಯ.

ಒದ್ದೆ ಸಾಮಾನುಗಳಿಗೆ ಬಾಗಿಲ ಬಳಿಯೇ ಒಂದು ದೊಡ್ಡ ಪ್ಲಾಸ್ಟಿಕ್ ತೊಟ್ಟಿ ಇಡಿ. ಬೂಟು, ಮಳೆಕೋಟು, ಚೀಲದ ಹೊದಿಕೆ ಎಲ್ಲವೂ ಅಲ್ಲಿಗೇ ಹೋಗಲಿ, ಹಾಸಿಗೆಯ ಕಡೆಗೆ ಒಂದು ಒದ್ದೆ ಕಾಲುಚೀಲವೂ ದಾಟಬಾರದು. ಗಾಜಿನ ಮೇಲೆ ಕಟ್ಟಿದ ಆವಿ ನಿಮ್ಮ ಬಟ್ಟೆಯಿಂದ ಮತ್ತು ಉಸಿರಿನಿಂದ ಬಂದದ್ದು. ಬಟ್ಟೆ ಬದಲಿಸಿ, ಎರಡು ಕಡೆಯ ಕಿಟಕಿಗಳನ್ನು ಬೆರಳಗಲ ತೆರೆದು, ಎಸಿ ಮತ್ತು ಬಿಸಿಗಾಳಿ ಎರಡನ್ನೂ ಒಟ್ಟಿಗೆ ಗಾಜಿನ ಕಡೆಗೆ ತಿರುಗಿಸಿದರೆ ಕೆಲವೇ ನಿಮಿಷಗಳಲ್ಲಿ ತಿಳಿಯಾಗುತ್ತದೆ. ಒಂದು ಜೊತೆ ಪೂರ್ತಿ ಒಣಬಟ್ಟೆಯನ್ನು ಚಾಲಕನ ಸೀಟಿನ ಮೇಲೆಯೇ ಇಟ್ಟು ಹೋಗುವುದು ನನ್ನ ಅಭ್ಯಾಸ. ಅದನ್ನು ಎತ್ತದೆ ಕೂರಲು ಆಗುವುದಿಲ್ಲ.

ಉತ್ತರ 3: ಕೆಳಗೆಕಾಯುವವಳು

ನಾನು ಚಾರಣ ಮಾಡುವುದಿಲ್ಲ. ಮೊಣಕಾಲಿನ ತೊಂದರೆಯಿಂದಾಗಿ ನಮ್ಮ ಯಜಮಾನರು ಬೆಟ್ಟ ಹತ್ತುವಾಗ ನಾನು ವ್ಯಾನ್‌ನಲ್ಲೇ ಉಳಿಯುತ್ತೇನೆ. ಆದ್ದರಿಂದ ಕೆಳಗೆ ಉಳಿದವರ ಕಡೆಯಿಂದ ಎರಡು ಮಾತು.

ಎರಡನೆಯ ಉತ್ತರ ಬರೆದವರು ಅದೇ ಜಾಗದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕೆಂದು ಹೇಳಿದ್ದಾರೆ. ಸಲಹೆ ಒಳ್ಳೆಯದೇ, ಆದರೆ ಎಷ್ಟೋ ಕಡೆ ರಾತ್ರಿ ನಿಲ್ಲಲು ಅವಕಾಶವಿರುವುದಿಲ್ಲ, ಸಂಜೆಗೆ ಗೇಟು ಮುಚ್ಚುತ್ತಾರೆ. ಅಂಥ ದಿನ ವ್ಯಾನ್ ಓಡಿಸುವವರು ಯಾರು ಎಂಬುದನ್ನು ಬೆಳಿಗ್ಗೆಯೇ ತೀರ್ಮಾನಿಸಬೇಕು. ನಮ್ಮಲ್ಲಿ ಬೆಟ್ಟ ಹತ್ತಿದವರು ಅಂದು ಸ್ಟೇರಿಂಗ್ ಮುಟ್ಟುವುದಿಲ್ಲ. ನೀವಿಬ್ಬರೂ ಹತ್ತುವವರಾದ್ದರಿಂದ ನಿಮಗೆ ಇದು ಅನ್ವಯಿಸದು. ಹಾಗಿದ್ದಾಗ ಗೇಟು ಮುಚ್ಚುವ ಜಾಗಗಳಲ್ಲಿ ಚಿಕ್ಕ ದಾರಿಯನ್ನೇ ಆರಿಸಿಕೊಳ್ಳುವುದು ವಾಸಿ.

ಇನ್ನೊಂದು, ಒಮ್ಮೆ ನಾವು ಮಾಡಿದ ತಪ್ಪು. ಅವರು ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿಯುವುದು, ನಾನು ವ್ಯಾನನ್ನು ಸುತ್ತುಬಳಸಿ ಆ ಕಡೆಗೆ ತರುವುದು ಎಂದಾಗಿತ್ತು. ಮೇಲೆ ಹವೆ ಕೆಟ್ಟಿತು, ಅವರು ಬಂದ ದಾರಿಯಲ್ಲೇ ಹಿಂದಿರುಗಿದರು. ಕೆಳಗೆ ಇಳಿದಾಗ ಅಲ್ಲಿ ವ್ಯಾನ್ ಇರಲಿಲ್ಲ, ನಾನು ಬೆಟ್ಟದ ಆಚೆ ಬದಿಯಲ್ಲಿದ್ದೆ, ಇಬ್ಬರ ಫೋನಿಗೂ ಸಿಗ್ನಲ್ ಇರಲಿಲ್ಲ. ವೈಪರ್ ಓಡುತ್ತಿದ್ದ ಗಾಜಿನ ಆಚೆ ದಾರಿಯ ಕೊನೆಯ ತಿರುವನ್ನೇ ನೋಡುತ್ತಾ ಮೂರು ಗಂಟೆ ಕುಳಿತಿದ್ದೆ. ಅಂದಿನಿಂದ ನಮ್ಮ ಒಪ್ಪಂದ ಹೀಗಿದೆ: ಹವೆ ಅನುಮಾನವಿರುವ ದಿನ ವ್ಯಾನ್ ಕದಲುವುದಿಲ್ಲ. ಅವರು ಹೇಳಿ ಹೋದ ಹೊತ್ತಿನ ಮೇಲೆ ಒಂದು ಗಂಟೆ ಕಾಯುತ್ತೇನೆ, ಕತ್ತಲಾದ ಮೇಲೆ ಅರ್ಧ ಗಂಟೆಗೊಮ್ಮೆ ಹೆಡ್‌ಲೈಟನ್ನು ಬೆಟ್ಟದ ಕಡೆಗೆ ಹಾಯಿಸುತ್ತೇನೆ, ಎರಡು ಗಂಟೆ ಮೀರಿದರೆ ಸಹಾಯಕ್ಕೆ ಕರೆ ಮಾಡುತ್ತೇನೆ. ಸಿಗ್ನಲ್ ಸಿಗುವ ಹತ್ತಿರದ ಜಾಗ ಯಾವುದೆಂದು ಬೆಳಿಗ್ಗೆಯೇ ನೋಡಿಟ್ಟುಕೊಂಡಿರುತ್ತೇನೆ.

ಇಬ್ಬರೂ ಹತ್ತುವವರು ದಾರಿ ಮತ್ತು ಹಿಂದಿರುಗುವ ಹೊತ್ತನ್ನು ಮನೆಯಲ್ಲಿ ಯಾರಿಗಾದರೂ ತಿಳಿಸಿ ಹೋಗಬೇಕು. ಚೀಟಿ ಬರೆದು ವ್ಯಾನ್ ಗಾಜಿಗೆ ಅಂಟಿಸುವುದನ್ನು ಕೆಲವರು ಮಾಡುತ್ತಾರೆ. ಅದು ಗಾಡಿಯಲ್ಲಿ ಇಡೀ ದಿನ ಯಾರೂ ಇಲ್ಲವೆಂದು ಕಳ್ಳರಿಗೂ ತಿಳಿಸಿದಂತಾಗುತ್ತದೆ.

ಏಣಿನಹಾದಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಉತ್ತರಗಳನ್ನು ಅಕ್ಕನಿಗೂ ಓದಿ ಹೇಳಿದೆ. ಆ ದಿನ ಇಳಿಯುವಾಗ ತಾನು ಎರಡು ಸಲ ಮಾತಿನಲ್ಲಿ ತೊದಲಿದ್ದು ತನಗೆ ನೆನಪಿದೆ, ನಿನಗೆ ಭಯವಾದೀತೆಂದು ಹೇಳಲಿಲ್ಲ ಎಂದು ಅವಳು ಈಗ ಹೇಳಿದಳು. ಅದನ್ನು ಕೇಳಿ ನನಗೆ ಬಹಳ ಹೊತ್ತು ಮಾತು ಹೊರಡಲಿಲ್ಲ.

ಎರಡು ಸಂದೇಹಗಳು ಉಳಿದಿವೆ. ಸಿಡಿಲು ಬರುವ ಸೂಚನೆ ಕಂಡಾಗ ವ್ಯಾನ್ ಸುರಕ್ಷಿತವೇ? ಮತ್ತು ಏಣಿನ ಮೇಲೆ ಇರುವಾಗಲೇ ಮಂಜು ಕವಿದರೆ ದಾರಿ ಹಿಡಿಯುವುದು ಹೇಗೆ?

ಮೋಡದನೆರಳು

ಲೋಹದ ಮೈ ಮತ್ತು ಲೋಹದ ಛಾವಣಿ ಇರುವ ವ್ಯಾನ್ ಸುರಕ್ಷಿತ. ಸಿಡಿಲು ಹೊಡೆದರೂ ವಿದ್ಯುತ್ತು ಹೊರಮೈಯಲ್ಲೇ ಹರಿದು ನೆಲಕ್ಕೆ ಇಳಿಯುತ್ತದೆ. ಕಿಟಕಿ ಮುಚ್ಚಿ, ಲೋಹದ ಭಾಗಗಳನ್ನು ಮುಟ್ಟದೆ ಕೂರಬೇಕು. ಆದರೆ ಫೈಬರ್‌ಗ್ಲಾಸ್ ಮೈಯ ಗಾಡಿಗಾಗಲಿ, ಮೇಲೆತ್ತಿದ ಬಟ್ಟೆಯ ಛಾವಣಿಯ ಕೆಳಗಿನ ಹಾಸಿಗೆಗಾಗಲಿ ಈ ರಕ್ಷಣೆಯಿಲ್ಲ. ಛಾವಣಿ ಇಳಿಸಿ ಮುಂದಿನ ಸೀಟಿಗೆ ಬನ್ನಿ. ಮಿಂಚು ಕಂಡು ಗುಡುಗು ಕೇಳುವವರೆಗಿನ ಪ್ರತಿ 3 ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. 30 ಸೆಕೆಂಡಿಗಿಂತ ಕಡಿಮೆಯಿದ್ದರೆ ನೀವು ಅಪಾಯದ ವ್ಯಾಪ್ತಿಯಲ್ಲಿದ್ದೀರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬೇಡಿ. ಬೆಟ್ಟದ ಮೇಲಿರುವಾಗ ಬೆಳಗಿನ ಹತ್ತಿಯಂಥ ಮೋಡಗಳು ಅಗಲಕ್ಕಿಂತ ಎತ್ತರವಾಗಿ ಬೆಳೆಯತೊಡಗಿದರೆ ಗುಡುಗಿಗಾಗಿ ಕಾಯದೆ ಏಣಿನಿಂದ ಇಳಿಯಿರಿ. ಒಂಟಿ ಮರದ ಕೆಳಗೂ, ತುದಿಯ ಕಲ್ಲಿನ ಗುಪ್ಪೆಯ ಬಳಿಯೂ ನಿಲ್ಲಬೇಡಿ.

ಮಂಜಿನ ವಿಷಯಕ್ಕೆ ಬಂದರೆ, ಮೋಡ ಇನ್ನೂ ತಲೆಯ ಮೇಲಿರುವಾಗಲೇ ನಿಂತು ನೀವಿರುವ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ದಿಕ್ಸೂಚಿಯಿಂದ ಇಳಿಯುವ ದಿಕ್ಕನ್ನು ಹಿಡಿದಿಟ್ಟುಕೊಳ್ಳಬೇಕು. ಮಂಜು ಕವಿದ ಮೇಲೆ ಒಬ್ಬರು ಕಣ್ಣಿಗೆ ಕಾಣುವಷ್ಟು ದೂರ ಆ ದಿಕ್ಕಿನಲ್ಲಿ ಮುಂದೆ ಹೋಗಿ ನಿಲ್ಲುವುದು, ಹಿಂದಿನವರು ದಿಕ್ಸೂಚಿ ನೋಡಿ ಅವರನ್ನು ಎಡಕ್ಕೋ ಬಲಕ್ಕೋ ಸರಿಪಡಿಸಿ ಆಮೇಲೆ ಅವರ ಬಳಿಗೆ ನಡೆಯುವುದು, ಹೀಗೆ ತುಂಡುತುಂಡಾಗಿ ಇಳಿಯಬೇಕು. ಕಡಿದಾದ ಅಂಚುಗಳಿರುವ ಬೆಟ್ಟವಾದರೆ ಮುಂದೆ ಹೋಗುವವರು ಪ್ರತಿ ಹೆಜ್ಜೆಯನ್ನೂ ಕೋಲಿನಿಂದ ಪರೀಕ್ಷಿಸಿ ಇಡಬೇಕು. ಫೋನಿನ ನಕ್ಷೆ ಚೆನ್ನಾಗಿರುತ್ತದೆ, ಆದರೆ ಚಳಿಗೆ ಬ್ಯಾಟರಿ ಬೇಗ ಕೈಕೊಡುವುದರಿಂದ ಫೋನನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಿ. ಇಬ್ಬರ ಬಳಿಯೂ ಸೀಟಿ ಇರಲಿ. ಆಲ್ಪ್ಸ್ ಪರ್ವತಗಳ ರೂಢಿಯಂತೆ ನಿಮಿಷದೊಳಗೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದುವುದು ಸಹಾಯದ ಕರೆ. ನಿಮಿಷಕ್ಕೆ ಮೂರು ಸಲ ಊದಿದರೆ ಅದಕ್ಕೆ ಉತ್ತರ. ತೊರೆ ಉಕ್ಕಿದ್ದರೆ ದಾಟಬೇಡಿ, ಮೇಲ್ಗಡೆ ಹರಿವು ಕವಲೊಡೆದ ಜಾಗ ಹುಡುಕಿ, ಇಲ್ಲವೇ ನೀರು ಇಳಿಯುವವರೆಗೆ ಈಚೆ ದಡದಲ್ಲೇ ಕಾಯಿರಿ.

ನಿಮ್ಮ ಅಕ್ಕನವರಿಗೆ ನನ್ನ ಕಡೆಯಿಂದ ಒಂದು ಮಾತು ತಿಳಿಸಿ. ಮುಂದಿನ ಸಲ ಮಾತು ತೊದಲಿದರೆ, ಬೆರಳು ಮರಗಟ್ಟಿದರೆ, ತಮ್ಮನಿಗೆ ಭಯವಾದರೂ ಸರಿ, ಅವರು ಅದನ್ನು ಅಲ್ಲೇ ಹೇಳಬೇಕು.

ಏಣಿನಹಾದಿ

ಹೇಳಿದ್ದೇನೆ, ಒಪ್ಪಿದ್ದಾಳೆ. ನಮ್ಮದು ಮೇಲೆತ್ತುವ ಛಾವಣಿಯ ವ್ಯಾನ್ ಆದ್ದರಿಂದ ಸಿಡಿಲಿನ ಮಾತು ಬಹಳ ಉಪಯೋಗವಾಯಿತು. ಬ್ರೇಕ್ ಪ್ಯಾಡ್‌ಗಳನ್ನು ನಿನ್ನೆ ತೋರಿಸಿದೆ, ಮುಂದಿನ ಎರಡೂ ಸವೆದು ಹೋಗಿದ್ದವು, ದ್ರವದ ಜೊತೆಗೆ ಅವನ್ನೂ ಬದಲಿಸಿದ್ದಾರೆ. ಮುಂದಿನ ತಿಂಗಳ ದಾರಿ 11 ಕಿಲೋಮೀಟರ್, 500 ಮೀಟರ್ ಏರು. ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ, ಎಲ್ಲಿದ್ದರೂ ಹತ್ತಕ್ಕೆ ತಿರುಗುತ್ತೇವೆ, ಎರಡನೆಯ ರಾತ್ರಿಗೂ ಅಲ್ಲಿಯೇ ಉಳಿಯಲು ಅನುಮತಿ ಪಡೆದಿದ್ದೇವೆ. ಷರತ್ತುಗಳನ್ನು ಅಕ್ಕ ತನ್ನ ಕೈಯಿಂದಲೇ ಬರೆದು ನಕ್ಷೆಯ ಹಿಂಬದಿಗೆ ಅಂಟಿಸಿದ್ದಾಳೆ.